ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಬಸುರಿಗೆ ಸಕ್ಕರೆಯೂ ಬರುತ್ತದೆಯೇ?

ಪ್ರಶ್ನೆ: ನನಗೆ 27 ವರ್ಷ. ಊರು ಪಾಂಡವಪುರದ ಹತ್ತಿರ. ಇದು ಚೊಚ್ಚಲ ಬಸುರು, ಈಗ 13 ವಾರ. ಒಂಬತ್ತನೆಯ ವಾರದಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 5.6 ಬಂದಿತು. ವೈದ್ಯರು ದಿನಕ್ಕೆ 50 ಮೈಕ್ರೋಗ್ರಾಂ ಮಾತ್ರೆ ಬರೆದುಕೊಟ್ಟಿದ್ದಾರೆ. ಅದೇ ದಿನ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ನೋಡಿದ ಸಕ್ಕರೆ 118 ಇತ್ತು, ನಾರ್ಮಲ್ ಎಂದರು. ನನ್ನ ತಾಯಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಚಿಕ್ಕಮ್ಮನ ಮಗಳಿಗೆ ಬಸುರಿನಲ್ಲಿ ಮೊದಲು ಥೈರಾಯ್ಡ್, ಆಮೇಲೆ ಸಕ್ಕರೆ, ಎರಡೂ ಬಂದವು. ಥೈರಾಯ್ಡ್ ಇದ್ದವರಿಗೆ ಸಕ್ಕರೆ ಬಂದೇ ಬರುತ್ತದೆಯೇ? ಮಾತ್ರೆಯಿಂದಲೇ ಬರುತ್ತದೆ, ಮಗುವಿಗೂ ತೊಂದರೆಯಾಗುತ್ತದೆ ಎಂದು ಅತ್ತೆಯವರು ಹೆದರುತ್ತಾರೆ. ಈಗಿನಿಂದಲೇ ಅನ್ನ ಬಿಟ್ಟು ಬರೀ ಮುದ್ದೆ ಊಟ ಮಾಡಬೇಕೇ?

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಹೇಳಬಹುದು, ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅತ್ತೆಯವರ ಭಯ ಹುಟ್ಟಲಿರುವ ಮೊಮ್ಮಗುವಿನ ಮೇಲಿನ ಅಕ್ಕರೆಯಿಂದ ಬಂದದ್ದು. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ. ಆ ಪುಟ್ಟ ಮಾತ್ರೆಯಲ್ಲಿರುವುದು ಥೈರಾಕ್ಸಿನ್. ನಿಮ್ಮ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಂತೆ ರೆಕ್ಕೆ ಹರಡಿ ಕುಳಿತಿರುವ ಗ್ರಂಥಿ ದಿನವೂ ತಯಾರಿಸುವ ಹಾರ್ಮೋನ್ ಅದೇ. ಗ್ರಂಥಿಯಿಂದ ಸಾಲದೇ ಹೋದದ್ದನ್ನು ಮಾತ್ರೆ ತುಂಬಿಕೊಡುತ್ತದೆ. ಹೊಟ್ಟೆಯಲ್ಲಿರುವ ಕೂಸಿನ ಥೈರಾಯ್ಡ್ ಗ್ರಂಥಿ ಸುಮಾರು 12ನೆಯ ವಾರಕ್ಕೆ ಕೆಲಸ ಆರಂಭಿಸುತ್ತದೆ ನಿಜ, ಆದರೆ ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳಲು 18ರಿಂದ 20 ವಾರವಾದರೂ ಆಗಬೇಕು. ಅಲ್ಲಿಯವರೆಗೆ ಕೂಸಿನ ಮಿದುಳು ಬೆಳೆಯುವುದು ತಾಯಿಯ ರಕ್ತದಿಂದ ಮಾಸಿನ ಮೂಲಕ ದಾಟಿ ಬರುವ ಥೈರಾಕ್ಸಿನ್ನಿನ ಆಸರೆಯಲ್ಲಿ. ನೀವು ಈಗ ಇರುವುದು ಆ ಅವಧಿಯ ನಡುವೆಯೇ.

ಮಾತ್ರೆಯಿಂದ ಸಕ್ಕರೆ ಬರುತ್ತದೆಯೇ ಎಂಬುದಕ್ಕೆ ಉತ್ತರ: ಬೇಕಾದಷ್ಟೇ ಪ್ರಮಾಣದಲ್ಲಿದ್ದರೆ ಇಲ್ಲ. ಥೈರಾಯ್ಡ್ ಹಾರ್ಮೋನ್ ಮಿತಿಮೀರಿದರೆ ಕರುಳು ಸಕ್ಕರೆಯನ್ನು ಬೇಗ ಹೀರುತ್ತದೆ, ಯಕೃತ್ತು ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಹೆಚ್ಚು ಬಿಡುತ್ತದೆ. ಆದ್ದರಿಂದ ಪ್ರಮಾಣ ಹೆಚ್ಚಾಗಿಹೋದರೆ ಸಕ್ಕರೆ ಸ್ವಲ್ಪ ಏರಬಹುದು. ಹಾಗಾಗದಿರಲೆಂದೇ ಬಸುರಿನ ಅರ್ಧ ಕಳೆಯುವವರೆಗೆ ನಾಲ್ಕು ವಾರಕ್ಕೊಮ್ಮೆ, ಆಮೇಲೆ 30ನೆಯ ವಾರದ ಸುಮಾರಿಗೆ ಮತ್ತೊಮ್ಮೆ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಗೆ ‘ದುಡಿ’ ಎಂದು ಹೇಳುವ ಹಾರ್ಮೋನ್, ಎಷ್ಟಿದೆಯೆಂದು ನೋಡುತ್ತೇವೆ. ನೀವು ಒಂಬತ್ತನೆಯ ವಾರದಲ್ಲಿ ಮಾತ್ರೆ ಆರಂಭಿಸಿದ್ದರೆ ಮುಂದಿನ ಪರೀಕ್ಷೆ ಈ ವಾರವೇ ಆಗಬೇಕು. ಪತ್ರದಲ್ಲಿ ಅದರ ಪ್ರಸ್ತಾಪ ಕಾಣಲಿಲ್ಲ, ಮಾಡಿಸಿರದಿದ್ದರೆ ನಾಳೆಯೇ ಹೋಗಿ.

5.6 ಎಂಬ ಅಂಕಿ ಎಷ್ಟು ದೊಡ್ಡದು? ಪ್ರಯೋಗಾಲಯದ ವರದಿಯಲ್ಲಿ ಪಕ್ಕಕ್ಕೆ ಅಚ್ಚಾಗಿರುವ ಮಿತಿ ಸಾಮಾನ್ಯ ಸ್ತ್ರೀಪುರುಷರಿಗೆ ಹೊಂದುವಂಥದ್ದು, ಬಸುರಿಯರಿಗಾಗಿ ಹಾಕಿದ್ದಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸಿನಿಂದ ಬರುವ ಎಚ್‌ಸಿಜಿ ಹಾರ್ಮೋನ್ ಥೈರಾಯ್ಡ್ ಗ್ರಂಥಿಯನ್ನು ತಾನೂ ಪ್ರಚೋದಿಸುತ್ತದೆ. ಹಾಗಾಗಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತನ್ನ ಟಿಎಸ್‌ಎಚ್ಚನ್ನು ಇಳಿಸಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಟಿಎಸ್‌ಎಚ್ ಇಳಿಯುವ ಬದಲು ಏರಿದ್ದರೆ ಗ್ರಂಥಿ ದುಡಿಮೆಗೆ ಸಾಲುತ್ತಿಲ್ಲ ಎಂದು ಅರ್ಥ. ಹಿಂದೆ 2.5 ದಾಟಿದರೆ ಹೆಚ್ಚು ಎನ್ನುತ್ತಿದ್ದರು. 2017ರಲ್ಲಿ ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ಆಯಾ ಪ್ರದೇಶದ ಮಿತಿ ಗೊತ್ತಿರದ ಕಡೆ ಸುಮಾರು 4 ಅನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳಬಹುದೆಂದು ಸಡಿಲಿಸಿತು. ಆ ಲೆಕ್ಕದಲ್ಲಿ ನಿಮ್ಮದು ಗಡಿ ದಾಟಿದೆ, ಆದರೆ ಬಹಳ ದೂರ ಹೋಗಿಲ್ಲ. 10 ದಾಟಿದ್ದರೆ ನಾನು ಬೇರೆ ದನಿಯಲ್ಲಿ ಬರೆಯುತ್ತಿದ್ದೆ. ಮಾತ್ರೆ ಆರಂಭಿಸಿದ ಮೇಲೆ ನಾವು ಗುರಿಯಿಡುವುದು 2.5ಕ್ಕಿಂತ ಕೆಳಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಥೈರಾಯ್ಡ್ ಇದ್ದವರಿಗೆ ಸಕ್ಕರೆ ಬಂದೇ ಬರುತ್ತದೆ ಎನ್ನುವುದು ಸುಳ್ಳು. ಎರಡಕ್ಕೂ ಏನೇನೂ ಸಂಬಂಧವಿಲ್ಲ ಎನ್ನುವುದೂ ಸರಿಯಲ್ಲ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುವುದು ನಿಧಾನವಾಗುತ್ತದೆ, ಇನ್ಸುಲಿನ್ನಿನ ಮಾತಿಗೆ ಮೈ ಅಷ್ಟಾಗಿ ಓಗೊಡುವುದಿಲ್ಲ. ಬಸುರಿಯರನ್ನು ವಾರಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಇದರ ಗುರುತು ಕಂಡಿದೆ. ಟಿಎಸ್‌ಎಚ್ ಏರಿದ್ದು, ಜೊತೆಗೆ ಥೈರಾಯ್ಡ್ ಗ್ರಂಥಿಯ ವಿರುದ್ಧ ದೇಹವೇ ತಯಾರಿಸಿದ ಟಿಪಿಒ ಪ್ರತಿಕಾಯಗಳೂ ಇದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹ ತುಸು ಹೆಚ್ಚು. ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಗ್ರಂಥಿಯಿಂದ ಹೊರಡುವುದು ಬಹುಪಾಲು ಟಿ4, ಅಂದರೆ ಥೈರಾಕ್ಸಿನ್. ಅದು ಯಕೃತ್ತು ಮುಂತಾದ ಕಡೆ ಚುರುಕಾದ ಟಿ3 ಆಗಿ ಮಾರ್ಪಡುತ್ತದೆ. ಬಸುರಿನ ಮೊದಲ ಅರ್ಧದಲ್ಲಿ ಟಿ4ಗೆ ಹೋಲಿಸಿದರೆ ಟಿ3 ಹೆಚ್ಚಿದ್ದವರಲ್ಲಿ ಮುಂದೆ ಸಕ್ಕರೆ ಕಾಣಿಸಿಕೊಂಡದ್ದು ಹೆಚ್ಚು. ಟಿ3 ಯಕೃತ್ತನ್ನು ಸಕ್ಕರೆ ತಯಾರಿಸಲು ಪ್ರಚೋದಿಸುವುದರಿಂದ ಇದು ನಂಬುವಂತೆಯೇ ಇದೆ. ಆದರೆ ಮೈತೂಕ ಹೆಚ್ಚಿರುವವರಲ್ಲಿಯೂ ಟಿ3 ಏರಿರುತ್ತದೆ, ಅವರಿಗೆ ಸಕ್ಕರೆ ಬರುವ ಸಾಧ್ಯತೆಯೂ ಹೆಚ್ಚು. ಯಾವುದು ಯಾವುದನ್ನು ಎಳೆದುಕೊಂಡು ಬಂತು ಎಂದು ಬಿಡಿಸಿ ಹೇಳುವುದು ಕಷ್ಟ. ಥೈರಾಯ್ಡ್ ಮಾತ್ರೆ ಕೊಟ್ಟು ಬಸುರಿನ ಸಕ್ಕರೆಯನ್ನು ತಪ್ಪಿಸಬಹುದೆಂದು ಸಾಬೀತಾಗಿಯೂ ಇಲ್ಲ. ನಿಮಗೆ ಮಾತ್ರೆ ಕೊಟ್ಟದ್ದು ಕೂಸಿನ ಬೆಳವಣಿಗೆಗಾಗಿ, ಗರ್ಭಪಾತವಾಗದೆ ಬಸುರು ಉಳಿಯುವುದಕ್ಕಾಗಿ. ಟಿಎಸ್‌ಎಚ್ ಸರಿಹೋಯಿತು, ಇನ್ನು ಸಕ್ಕರೆಯ ಪರೀಕ್ಷೆ ಬೇಡ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನಿಜ ಹೇಳಬೇಕೆಂದರೆ, ನಿಮ್ಮ ಪತ್ರದಲ್ಲಿ ನನ್ನನ್ನು ಎಚ್ಚರಿಸಿದ್ದು 5.6 ಅಲ್ಲ, ನಿಮ್ಮ ತಾಯಿಯ ಸಕ್ಕರೆ ಕಾಯಿಲೆ. ಬಸುರಿನಲ್ಲಿ ಸಕ್ಕರೆ ಬರುವ ಸಾಧ್ಯತೆಯನ್ನು ತೂಗುವಾಗ ಹೆತ್ತವರಿಗೆ ಇರುವ ಮಧುಮೇಹ, ಬಸುರಿಗೆ ಮುಂಚಿನ ಮೈತೂಕ, ವಯಸ್ಸು ಇವು ಗಡಿ ದಾಟಿದ ಟಿಎಸ್‌ಎಚ್ಚಿಗಿಂತ ಹೆಚ್ಚು ಭಾರದವು. ನಿಮ್ಮ ಚಿಕ್ಕಮ್ಮನ ಮಗಳಿಗೂ ಅದೇ ಮನೆತನದ ಪಾಲು ಬಂದಿರಬಹುದು.

118 ಬಂದದ್ದು ಒಳ್ಳೆಯದೇ. ನಮ್ಮ ಸರ್ಕಾರಿ ಕ್ರಮದಂತೆ 75 ಗ್ರಾಂ ಗ್ಲೂಕೋಸನ್ನು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಐದು ಹತ್ತು ನಿಮಿಷದಲ್ಲಿ ಕುಡಿಸಿ, ಎರಡು ಗಂಟೆಯ ನಂತರ ನೋಡಿದಾಗ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ ಎನ್ನುತ್ತೇವೆ. ಬೆಳಿಗ್ಗೆ ತಿಂಡಿ ತಿಂದಿದ್ದರೂ ಈ ಪರೀಕ್ಷೆ ಮಾಡಬಹುದು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾತ್ರ ಇನ್ನೊಂದು ದಿನ ಮತ್ತೆ ಮಾಡಬೇಕು. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಕುಡಿದ ಮೇಲೆ ಎರಡು ಬಾರಿ ರಕ್ತ ತೆಗೆಯುವ ಕ್ರಮವೂ ಇದೆ. ಅದರಲ್ಲಿ 92, 180, 153 ಎಂಬ ಮೂರು ಮಿತಿಗಳಲ್ಲಿ ಯಾವುದೊಂದನ್ನು ಮುಟ್ಟಿದರೂ ಸಕ್ಕರೆ ಇದೆ ಎಂದೇ ಲೆಕ್ಕ. ಮೂರು ತಿಂಗಳ ಸರಾಸರಿ ಎನ್ನುವ ಎಚ್‌ಬಿಎ1ಸಿ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡು ಬಸುರಿನಲ್ಲಿ ತೀರ್ಮಾನಿಸಬಾರದು. ರಕ್ತಹೀನತೆ ಅದರ ಅಂಕಿಯನ್ನು ಆಚೀಚೆ ಮಾಡುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ನಿಮಗೂ ಗೊತ್ತು.

ಆದರೆ ಒಂಬತ್ತನೆಯ ವಾರದ 118 ಒಂಬತ್ತನೆಯ ವಾರಕ್ಕೆ ಮಾತ್ರ ಸಾಕ್ಷಿ. ಬಸುರು ಬೆಳೆದಂತೆ ಮಾಸು ದೊಡ್ಡದಾಗುತ್ತದೆ, ಅದರ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿಗೆ ತಡೆಯೊಡ್ಡುತ್ತವೆ. ಕೂಸಿಗೆ ಸದಾ ಸಕ್ಕರೆ ಸಿಗಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಬಹುಪಾಲು ತಾಯಂದಿರ ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ, ಕೆಲವರಲ್ಲಿ ಸೋಲುತ್ತದೆ. ಆ ಸೋಲು ಎದ್ದು ಕಾಣುವುದು 24ರಿಂದ 28ನೆಯ ವಾರದಲ್ಲಿ. ಎರಡನೆಯ ಪರೀಕ್ಷೆ ಆಗ ಆಗಲೇಬೇಕು.

ಇಲ್ಲಿ ನಾನು ವರ್ಷಗಳಿಂದ ನೋಡುತ್ತಾ ಬಂದಿರುವ ಒಂದು ತೊಡಕನ್ನು ಬಿಚ್ಚಿ ಹೇಳಬೇಕು. 24ರಿಂದ 28 ವಾರ ಎಂದರೆ ನಮ್ಮ ಲೆಕ್ಕದಲ್ಲಿ ಆರು ತುಂಬಿ ಏಳಕ್ಕೆ ಬೀಳುವ ಹೊತ್ತು. ಅದೇ ಹೊತ್ತಿಗೆ ಸೀಮಂತ. ಮಡಿಲು ತುಂಬಿ, ಹಸಿರು ಬಳೆ ತೊಡಿಸಿ ಹುಡುಗಿಯನ್ನು ತವರಿಗೆ ಕರೆದೊಯ್ಯುತ್ತಾರೆ. ಇಲ್ಲಿಯವರೆಗೆ ತೋರಿಸಿದ ವೈದ್ಯರು ಗಂಡನ ಊರಿನಲ್ಲಿ ಉಳಿಯುತ್ತಾರೆ, ಹೊಸ ವೈದ್ಯರನ್ನು ಕಾಣುವಷ್ಟರಲ್ಲಿ 31ನೆಯ ವಾರ. ಅಲ್ಲಿ ‘ಸಕ್ಕರೆ ನೋಡಿಸಿದ್ದೀರಾ’ ಎಂದು ಕೇಳಿದರೆ ‘ನೋಡಿದ್ದಾರೆ, ನಾರ್ಮಲ್’ ಎಂದು ಮನೆಯವರು ಒಂಬತ್ತನೆಯ ವಾರದ್ದನ್ನೇ ಹೇಳುತ್ತಾರೆ. ಯಾರೂ ಸುಳ್ಳಾಡಿಲ್ಲ, ಆದರೂ ಪರೀಕ್ಷೆ ತಪ್ಪಿಹೋಯಿತು. ಆದ್ದರಿಂದ ಇವತ್ತೇ ಕ್ಯಾಲೆಂಡರಿನಲ್ಲಿ ನಿಮ್ಮ 24ನೆಯ ವಾರ ಯಾವ ದಿನ ಬೀಳುತ್ತದೆಂದು ಎಣಿಸಿ ಗುರುತು ಹಾಕಿ. ಸೀಮಂತದ ದಿನ ಗೊತ್ತುಮಾಡುವ ಹಿರಿಯರಿಗೂ ಅದನ್ನು ತೋರಿಸಿ, ಪರೀಕ್ಷೆ ಮುಗಿದ ಮೇಲಿನ ದಿನ ಆರಿಸಿಕೊಳ್ಳಲಿ. ತಾಯಿ ಕಾರ್ಡ್ ಮತ್ತು ಎಲ್ಲ ವರದಿಗಳು ಸೀರೆಯ ಬ್ಯಾಗಿನಲ್ಲಿ ಮೊದಲು ಹೋಗಬೇಕು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಹೆಚ್ಚಿನ ಆರೈಕೆ ಬೇಕಾದರೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಎರಡೂ ನಿಮಗೆ ದೂರವಿಲ್ಲ.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮೈಸೂರಿನಲ್ಲಿಯೇ ಇದೆ. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರಲ್ಲ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದವನ್ನು ಬರೆದಿಟ್ಟ ದಾಖಲೆಗಳು ಉಳಿದುಬಂದಿವೆ. ಹುಟ್ಟಿದಾಗಿನ ಅಳತೆಗೂ ದೊಡ್ಡವರಾದ ಮೇಲೆ ಬರುವ ಮಧುಮೇಹಕ್ಕೂ ಇರುವ ನಂಟನ್ನು ಅವುಗಳಿಂದ ಹುಡುಕಿದರು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿದಾಗ ನೂರಕ್ಕೆ ಆರು ಮಂದಿಯಲ್ಲಿ ಸಕ್ಕರೆ ಸಿಕ್ಕಿತು. ಹೆರಿಗೆಯಾಗಿ ಐದು ವರ್ಷದ ನಂತರ ಆ ತಾಯಂದಿರನ್ನು ಮತ್ತೆ ಪರೀಕ್ಷಿಸಿದರು. ಬಸುರಿನಲ್ಲಿ ಸಕ್ಕರೆ ಇದ್ದವರಲ್ಲಿ ನೂರಕ್ಕೆ 37 ಮಂದಿ ಆಗಲೇ ಮಧುಮೇಹಿಗಳಾಗಿದ್ದರು, ಇಲ್ಲದವರಲ್ಲಿ ಕೇವಲ 2. ಮೂವತ್ತರ ಆಸುಪಾಸಿನ ಹೆಂಗಸರು, ನಮ್ಮದೇ ಊಟ ಉಣ್ಣುವವರು, ನಮ್ಮದೇ ಬೀದಿಗಳಲ್ಲಿ ಓಡಾಡುವವರು. ಆ ಅಂಕಿಯನ್ನು ಮೊದಲು ಓದಿದ ದಿನದಿಂದ ನಾನು ಬಸುರಿನ ಸಕ್ಕರೆಯನ್ನು ‘ಹೆರಿಗೆಯಾದ ಮೇಲೆ ಹೋಗುತ್ತದೆ ಬಿಡಿ’ ಎಂದು ಯಾರಿಗೂ ಹೇಳಿಲ್ಲ.

ಸಕ್ಕರೆ ಸಿಕ್ಕಿದರೂ ಎದೆಗುಂದಬೇಕಾಗಿಲ್ಲ. ಬಹಳ ಮಂದಿಗೆ ಊಟದ ಕ್ರಮ, ನಡಿಗೆ ಇಷ್ಟರಿಂದಲೇ ಹತೋಟಿಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ 95ರೊಳಗೆ, ಊಟವಾದ ಎರಡು ಗಂಟೆಗೆ 120ರೊಳಗೆ ಇರಬೇಕೆಂಬುದು ಗುರಿ. ಎರಡು ವಾರ ಪಥ್ಯ ಮಾಡಿಯೂ ಇಳಿಯದಿದ್ದರೆ ಔಷಧ ಆರಂಭಿಸುತ್ತೇವೆ. ಇನ್ಸುಲಿನ್ ಮಾಸನ್ನು ದಾಟಿ ಕೂಸಿಗೆ ಹೋಗುವುದಿಲ್ಲ. ದಾಟಿ ಹೋಗುವುದು ತಾಯಿಯ ರಕ್ತದ ಸಕ್ಕರೆ, ಕೂಸು ಅಳತೆ ಮೀರಿ ಬೆಳೆಯುವುದು ಅದರಿಂದ.

ಅನ್ನ ಬಿಡಬೇಕೇ ಎಂದು ಕೇಳಿದ್ದೀರಿ. ಬೇಡ. ಮುದ್ದೆಯ ಮೇಲೆ ನಮ್ಮ ಸೀಮೆಯವರಿಗೆ ಇರುವ ಅಭಿಮಾನ ನನಗೂ ಇದೆ, ರಾಗಿಯಲ್ಲಿ ನಾರು, ಸುಣ್ಣಾಂಶ ಅಕ್ಕಿಗಿಂತ ಹೆಚ್ಚು. ಆದರೆ ರಾಗಿಯೂ ಪಿಷ್ಟವೇ. ಸಕ್ಕರೆ ಇದೆಯೆಂದು ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ಉಂಡು ಬಂದವರ ರಕ್ತದಲ್ಲಿ 190 ಕಂಡಿದ್ದೇನೆ. ಮುದ್ದೆ ಸಣ್ಣ ಕಿತ್ತಳೆಯಷ್ಟಿರಲಿ, ಒಂದೇ ಇರಲಿ. ಅದರ ಸುತ್ತ ಇರುವುದನ್ನು ಹೆಚ್ಚಿಸಿ: ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ, ಹುರುಳಿ ಸಾರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಮಜ್ಜಿಗೆ. ಮೊದಲು ಪಲ್ಯ ತಿಂದು ಆಮೇಲೆ ಮುದ್ದೆಗೆ ಕೈಹಾಕಿ. ಅಂಬಲಿಯನ್ನು ಗಟಗಟ ಕುಡಿದರೆ ಮುದ್ದೆಗಿಂತ ಬೇಗ ಸಕ್ಕರೆ ಏರುತ್ತದೆ. ಇನ್ನು ಬೆಲ್ಲ. ಮಂಡ್ಯದಲ್ಲಿ ಕುಳಿತು ಬೆಲ್ಲವನ್ನು ದೂರುವುದು ಸುಲಭವಲ್ಲ, ಆಲೆಮನೆಯ ಬಿಸಿಬೆಲ್ಲದ ವಾಸನೆಯಲ್ಲಿ ಬೆಳೆದವರು ನಾವು. ಆದರೆ ರಕ್ತಕ್ಕೆ ಇಳಿದ ಮೇಲೆ ಬೆಲ್ಲವೂ ಸಕ್ಕರೆಯೇ, ಕಬ್ಬಿಣಾಂಶದ ನೆಪದಲ್ಲಿ ಕಾಫಿಗೆ ಬೆಲ್ಲ ಸುರಿಯಬೇಡಿ. ಸೀಮಂತದಲ್ಲಿ ಚಿಗಳಿ, ತಂಬಿಟ್ಟು ತಟ್ಟೆ ತುಂಬ ಬರುತ್ತವೆ. ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮಕ್ಕಳಿಗೆ ಹಂಚಿ, ಯಾರಿಗೂ ಬೇಸರವಾಗುವುದಿಲ್ಲ. ಊಟವಾದ ಮೇಲೆ ಕಾಲು ಗಂಟೆ ಅಂಗಳದಲ್ಲಿ ನಡೆಯಿರಿ. ಆ 1997–98ರ ಅಧ್ಯಯನದಲ್ಲಿ ನೂರಕ್ಕೆ 43 ಬಸುರಿಯರಿಗೆ ಬಿ12 ಜೀವಸತ್ವ ಕಡಿಮೆಯಿತ್ತು. ನೀವು ಶುದ್ಧ ಸಸ್ಯಾಹಾರಿಗಳಾದರೆ ಅದನ್ನೂ ವೈದ್ಯರಲ್ಲಿ ಕೇಳಿ.

ಥೈರಾಯ್ಡಿಗೆ ಅಯೋಡಿನ್ ಬೇಕು, ಬಸುರಿಯರಿಗೆ ದಿನಕ್ಕೆ 250 ಮೈಕ್ರೋಗ್ರಾಂ. ಅಡುಗೆಗೆ ಬಿಡಿಯಾಗಿ ಕೊಂಡ ಕಲ್ಲುಪ್ಪು ಬಳಸುವ ಮನೆ ನಿಮ್ಮದಾದರೆ, ಅಯೋಡಿನ್ ಸೇರಿಸಿದ ಉಪ್ಪಿನ ಪೊಟ್ಟಣ ತರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ. ಎಲೆಕೋಸು ತಿನ್ನಬಾರದು ಎಂದು ಹೇಳುತ್ತಿರುತ್ತಾರೆ, ಬೇಯಿಸಿ ತಿಂದರೆ ಏನೂ ಆಗದು.

ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಬರೆದಿಲ್ಲ. ಕಳೆದ ವರ್ಷ ಮಳವಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಎರಡು ಬಾರಿ ಮಾತ್ರೆ ಹೆಚ್ಚಿಸಿದರೂ ಟಿಎಸ್‌ಎಚ್ 7ರಿಂದ ಕೆಳಗಿಳಿದಿರಲಿಲ್ಲ. ಮಾತ್ರೆ ತೋರಿಸಮ್ಮ ಎಂದೆ. ಚೀಲದಿಂದ ಪುಟ್ಟ ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ದಿನಕ್ಕೊಂದರಂತೆ ಕಾಗದದ ಪೊಟ್ಟಣಗಳು, ಒಂದೊಂದರಲ್ಲೂ ಮೂರು ಮಾತ್ರೆ: ಥೈರಾಯ್ಡಿನದು, ಕಬ್ಬಿಣಾಂಶದ ಕೆಂಪು ಮಾತ್ರೆ, ಸುಣ್ಣಾಂಶದ ದಪ್ಪ ಬಿಳಿ ಮಾತ್ರೆ. ಮರೆಯಬಾರದೆಂದು ಅವಳ ಗಂಡ ರಾತ್ರಿ ಕುಳಿತು ಕಟ್ಟಿಕೊಡುತ್ತಿದ್ದ. ಬೆಳಿಗ್ಗೆ ಹಾಲು ಕರೆದು ಬಂದು ಮೂರನ್ನೂ ಒಟ್ಟಿಗೆ ಕಾಫಿಯಲ್ಲಿ ನುಂಗುತ್ತಿದ್ದಳು. ಅಷ್ಟು ಪ್ರೀತಿಯಿಂದ ಕಟ್ಟಿದ ಪೊಟ್ಟಣವನ್ನು ಬಿಚ್ಚಿ ಬೇರೆ ಮಾಡುವಾಗ ನನಗೇ ಸಂಕಟವಾಯಿತು. ಕಬ್ಬಿಣ, ಸುಣ್ಣ ಎರಡೂ ಕರುಳಿನಲ್ಲಿ ಥೈರಾಕ್ಸಿನ್ನನ್ನು ಹಿಡಿದುಕೊಂಡುಬಿಡುತ್ತವೆ, ಕಾಫಿಯೂ ಅಡ್ಡ ಬರುತ್ತದೆ. ಥೈರಾಯ್ಡ್ ಮಾತ್ರೆಯನ್ನು ಎದ್ದ ತಕ್ಷಣ ಬರೀ ನೀರಿನಲ್ಲಿ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಬ್ಬಿಣ, ಸುಣ್ಣದ ಮಾತ್ರೆಗಳಿಗೆ ಕನಿಷ್ಠ ನಾಲ್ಕು ಗಂಟೆಯ ಅಂತರವಿರಬೇಕು. ಆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು, ಒಂದು ಮಧ್ಯಾಹ್ನಕ್ಕೆ, ಇನ್ನೊಂದು ರಾತ್ರಿಗೆ. ಅವಳಿಗೆ ಮಾತ್ರೆಯ ಪ್ರಮಾಣ ಬದಲಿಸಲಿಲ್ಲ, ಹೊತ್ತನ್ನು ಬದಲಿಸಿದೆವು. ಐದು ವಾರಕ್ಕೆ ಟಿಎಸ್‌ಎಚ್ 2ಕ್ಕೆ ಇಳಿದಿತ್ತು.

ಬಸುರಿಗೆ ಮುಂಚೆಯೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ಓದುಗರಿಗೂ ಒಂದು ಮಾತು. ಮುಟ್ಟು ನಿಂತು ಬಸುರು ಖಚಿತವಾದ ದಿನವೇ ವೈದ್ಯರಿಗೆ ತಿಳಿಸಿ. ಸಾಮಾನ್ಯವಾಗಿ ಪ್ರಮಾಣವನ್ನು ಕಾಲು ಭಾಗಕ್ಕೂ ಮೀರಿ ಹೆಚ್ಚಿಸಬೇಕಾಗುತ್ತದೆ, ಮೂರನೆಯ ತಿಂಗಳ ತಪಾಸಣೆಯವರೆಗೆ ಕಾಯುವಂತಿಲ್ಲ.

ಈ ಮಾತ್ರೆ ಜೀವನಪೂರ್ತಿ ಬೇಕೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿಯೂ ಇದ್ದೀತು. ಬಸುರಿನಲ್ಲೇ ಆರಂಭವಾಗಿ, ಕಡಿಮೆ ಪ್ರಮಾಣದಲ್ಲೇ ಸಾಕಾದವರಲ್ಲಿ ಅನೇಕರಿಗೆ ಹೆರಿಗೆಯ ನಂತರ ವೈದ್ಯರು ನಿಲ್ಲಿಸಿ ನೋಡುತ್ತಾರೆ. ಟಿಪಿಒ ಪ್ರತಿಕಾಯ ಇದ್ದವರಿಗೆ ಮಾತ್ರ ಮೊದಲ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವ ಸಾಧ್ಯತೆ ಹೆಚ್ಚು, ಅದನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮಾತ್ರೆ ಮುಂದುವರಿದರೂ ಎದೆಹಾಲು ಕೊಡಲು ಅಡ್ಡಿಯಿಲ್ಲ. ಕೂಸು ಹುಟ್ಟಿ ಎರಡು ಮೂರು ದಿನದಲ್ಲಿ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಅದರ ಥೈರಾಯ್ಡ್ ನೋಡುವ ಪರೀಕ್ಷೆಯಿದೆ, ಆಸ್ಪತ್ರೆ ಬಿಡುವ ಮುಂಚೆ ಕೇಳಿ ಮಾಡಿಸಿ.

ಹೆರಿಗೆಯಾದ ಆರನೆಯ ವಾರಕ್ಕೆ ನಿಮ್ಮ ಟಿಎಸ್‌ಎಚ್ ಮತ್ತೆ ನೋಡಬೇಕು. ಬಸುರಿನಲ್ಲಿ ಸಕ್ಕರೆ ಕಂಡಿದ್ದರೆ ಅದೇ ಹೊತ್ತಿಗೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯೂ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ. ಆಗ ನೀವು ತವರಿನಲ್ಲಿ ಬಾಣಂತನದಲ್ಲಿರುತ್ತೀರಿ, ಬಾಣಂತಿ ಹೊಸ್ತಿಲು ದಾಟಬಾರದು ಎನ್ನುವವರು ಇರುತ್ತಾರೆ. ಆದರೆ ಕೂಸಿನ ಆರು ವಾರದ ಲಸಿಕೆಗೆ ಹೇಗೂ ಆಸ್ಪತ್ರೆಗೆ ಹೋಗಲೇಬೇಕಲ್ಲ, ನಿಮ್ಮ ರಕ್ತವನ್ನೂ ಅಂದೇ ಕೊಟ್ಟು ಬನ್ನಿ. ಲಸಿಕೆಯ ದಿನದ ಪಕ್ಕದಲ್ಲಿ ‘ತಾಯಿಗೂ ಪರೀಕ್ಷೆ’ ಎಂದು ನಿಮ್ಮ ತಾಯಿಯವರಿಂದಲೇ ಬರೆಸಿಡಿ. ಸಕ್ಕರೆಯ ಕಷ್ಟ ಬಲ್ಲವರು ಅವರು, ಮರೆಯುವುದಿಲ್ಲ.